ಮೊಬೈಲಲ್ಲಿ ವೆಬ್‌ಸೈಟ್ ಸರಿ ಕಾಣುದಿಲ್ವಾ? ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಮಲ್ಪೆ, ಕಾಪು ಕಡೆ ಹೋಮ್‌ಸ್ಟೇ ನಡೆಸುವವರು, ರಥಬೀದಿ ಹತ್ರ ಲಾಡ್ಜ್ ಇರುವವರು, ಊರಿನ ದೇವಸ್ಥಾನದ ಕಮಿಟಿಯವರು, ಯಕ್ಷಗಾನ ಮೇಳದ ಆಟದ ಪಟ್ಟಿ ಹಾಕುವವರು, ಹಂಪನಕಟ್ಟೆಯಲ್ಲಿ ಅಂಗಡಿ ಇಟ್ಟವರು, ಯಾರನ್ನು ಕೇಳಿದ್ರೂ ದೂರು ಒಂದೇ: ಆಫೀಸಿನ ಕಂಪ್ಯೂಟರಲ್ಲಿ ಸೈಟ್ ಚಂದ ಕಾಣ್ತದೆ, ಮೊಬೈಲಲ್ಲಿ ತೆಗೆದ್ರೆ ಎಂತದೂ ಸರಿ ಇಲ್ಲ. ಮಾಡಿಕೊಟ್ಟವರು ಲ್ಯಾಪ್‌ಟಾಪಲ್ಲಿ ತೋರಿಸಿದ್ರು, ಇವರು ಲ್ಯಾಪ್‌ಟಾಪಲ್ಲೇ ನೋಡಿ ಆಯ್ತು ಅಂದ್ರು, ಆದ್ರೆ ಉಡುಪಿಯಲ್ಲಿ ಜನವರಿ 18ರ ಪರ್ಯಾಯ ಉತ್ಸವಕ್ಕೆ ಬರುವವರು ರೂಮ್ ಹುಡುಕುದು ಬಸ್ಸಲ್ಲಿ ಕೂತು ಫೋನಲ್ಲಿ. ಓದ್ಲಿಕ್ಕೆ ಆಗದಿದ್ರೆ ಅವರು ನಿಮಗೆ ಕಾಲ್ ಮಾಡಿ ದೂರು ಹೇಳುದಿಲ್ಲ, ಬ್ಯಾಕ್ ಒತ್ತಿ ಪಕ್ಕದ ಲಾಡ್ಜಿನ ಸೈಟಿಗೆ ಹೋಗ್ತಾರೆ, ನಿಮಗೆ ಗೊತ್ತೇ ಆಗುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ. ಮೊಬೈಲಲ್ಲಿ ಹಾಳಾಗಿ ಕಾಣುವ ಸೈಟನ್ನು ಹೆಚ್ಚಿನ ಸಲ ಪೂರ್ತಿ ಹೊಸತಾಗಿ ಮಾಡಿಸ್ಬೇಕಂತ ಇಲ್ಲ. ಸ್ಕ್ರೀನ್ ಎಷ್ಟು ಅಗಲ ಉಂಟು ಅಂತ ನೋಡದೆ, ತನ್ನದೇ ಒಂದು ಅಗಲ ಹಿಡ್ಕೊಂಡು ಕೂತ ವಸ್ತು ಪೇಜಲ್ಲಿ ಎಲ್ಲೋ ಒಂದು ಕಡೆ ಇರ್ತದೆ, ಅದು ಫೋಟೋ ಇರ್ಬಹುದು, ಮ್ಯಾಪ್ ಇರ್ಬಹುದು, ಟೇಬಲ್ ಇರ್ಬಹುದು. ಅದನ್ನು ಹುಡುಕಿ ಅದ್ರ ಅಗಲ ಬಿಡಿಸಿದ್ರೆ ಮುಕ್ಕಾಲು ತೊಂದರೆ ಹೋಗ್ತದೆ. ಹಾಗಾಗಿ ಮಂಡೆಬಿಸಿ ಮಾಡ್ಕೊಳ್ಬೇಡಿ, ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡುವ.

ಶುರು ಮಾಡುವ ಮುಂಚೆ ಎರಡು ಕೆಲಸ ಮಾಡಿಟ್ಕೊಳ್ಳಿ. ತೊಂದರೆ ಕಂಡ ಫೋನಿಂದ ಸ್ಕ್ರೀನ್‌ಶಾಟ್ ತೆಗ್ದು, ಯಾವ ಫೋನ್, ಯಾವ ಬ್ರೌಸರ್ ಅಂತ ಬರೆದಿಡಿ. ಸೈಟಿನ ಫೈಲ್ ಮುಟ್ಟುದಾದ್ರೆ ಫೈಲು ಮತ್ತೆ ಡೇಟಾಬೇಸ್ ಎರಡರದ್ದೂ ಬ್ಯಾಕಪ್ ತೆಗೀರಿ, ಆ ಬ್ಯಾಕಪ್ ಹೋಸ್ಟಿಂಗಲ್ಲೇ (ಸೈಟಿನ ಫೈಲೆಲ್ಲ ಇರುವ ಸರ್ವರಲ್ಲಿ) ಬಿಡದೆ ನಿಮ್ಮ ಕಂಪ್ಯೂಟರಿಗೆ ಇಳಿಸ್ಕೊಳ್ಳಿ. ಬ್ಯಾಕಪ್ ಇಲ್ಲದೆ ಒಂದಕ್ಷರ ಕೂಡ ಬದಲಾಯಿಸ್ಬೇಡಿ.

ಒಬ್ಬರ ಫೋನಲ್ಲಿ ಮಾತ್ರ ಹಾಳು, ಉಳಿದವರಿಗೆ ಸರಿ ಉಂಟು

ಹಾಗಿದ್ರೆ ಮೊದಲ ಸಂಶಯ ಸೈಟಿನ ಮೇಲೆ ಬೇಡ, ಆ ಫೋನಿನ ಮೇಲೆ ಇರ್ಲಿ. ಕ್ರೋಮಲ್ಲಿ ಮೇಲೆ ಬಲಗಡೆ ಮೂರು ಚುಕ್ಕೆ ಒತ್ತಿದ್ರೆ "ಡೆಸ್ಕ್‌ಟಾಪ್ ಸೈಟ್" ಅಂತ ಉಂಟಲ್ಲ, ಅದಕ್ಕೆ ಟಿಕ್ ಬಿದ್ದಿದ್ರೆ ಎಷ್ಟು ಒಳ್ಳೆ ಸೈಟಾದ್ರೂ ಚಿಕ್ಕದಾಗಿಯೇ ಕಾಣ್ತದೆ. ಯಾವಾಗ್ಲೋ ಯಾವುದೋ ಫಾರ್ಮ್ ತುಂಬ್ಲಿಕ್ಕೆ ಅಂತ ಟಿಕ್ ಹಾಕಿರ್ತಾರೆ, ಮತ್ತೆ ಮರೆತಿರ್ತಾರೆ. ಅದನ್ನು ತೆಗ್ದು ಪೇಜ್ ರಿಫ್ರೆಶ್ ಮಾಡಿ.

ಆಮೇಲೆ ಫೋನಿನ ಸೆಟ್ಟಿಂಗಲ್ಲಿ ಅಕ್ಷರದ ಸೈಜ್, ಡಿಸ್‌ಪ್ಲೇ ಸೈಜ್ ನೋಡಿ. ವಯಸ್ಸಾದವರು ಅದನ್ನು ದೊಡ್ಡದು ಮಾಡಿ ಇಟ್ಕೊಂಡಿರ್ತಾರೆ. ಇಲ್ಲಿ ಮಾತ್ರ ಜಾಗ್ರತೆ: ಅವರ ಹತ್ರ ಸೆಟ್ಟಿಂಗ್ ಚಿಕ್ಕದು ಮಾಡ್ಲಿಕ್ಕೆ ಹೇಳ್ಬೇಡಿ. ದೊಡ್ಡ ಅಕ್ಷರ ಇಟ್ಟ ಕೂಡ್ಲೇ ನಿಮ್ಮ ಪೇಜ್ ಮುರಿದು ಹೋದ್ರೆ ತಪ್ಪು ಪೇಜಿನದ್ದು, ಅದನ್ನು ಮುಂದಿನ ಭಾಗಗಳಲ್ಲಿ ಸರಿ ಮಾಡ್ಬೇಕು.

ನಿನ್ನೆ ಸರಿ ಮಾಡಿದ್ದು ಇವತ್ತು ಕೂಡ ಹಳೇದೇ ಕಾಣ್ತಾ ಉಂಟು ಅಂತಾದ್ರೆ ಅದು ಕ್ಯಾಶ್, ಅಂದ್ರೆ ಬೇಗ ತೋರಿಸ್ಲಿಕ್ಕೆ ಅಂತ ತೆಗ್ದಿಟ್ಟ ಹಳೇ ಪ್ರತಿ. ಇನ್‌ಕಾಗ್ನಿಟೋದಲ್ಲಿ ತೆಗ್ದು ನೋಡಿ. ಅಲ್ಲಿ ಸರಿ ಕಂಡ್ರೆ ಫೋನಿನ ಕ್ಯಾಶ್, ಅಲ್ಲೂ ಹಳೇದೇ ಕಂಡ್ರೆ ವರ್ಡ್‌ಪ್ರೆಸ್ಸಿನ ಕ್ಯಾಶ್ ಪ್ಲಗಿನ್ ಅಥವಾ ಹೋಸ್ಟಿಂಗಿನ ಕ್ಯಾಶ್ ಖಾಲಿ ಮಾಡ್ಬೇಕು. ಇನ್ನು ಇನ್‌ಸ್ಟಾಗ್ರಾಮಿಂದ, ಫೇಸ್‌ಬುಕ್ಕಿಂದ ಲಿಂಕ್ ಒತ್ತಿದಾಗ ಮಾತ್ರ ತೊಂದರೆ ಅಂದ್ರೆ ಆ ಆ್ಯಪಿನ ಒಳಗೇ ಇರುವ ಬ್ರೌಸರ್ ಕಾರಣ ಆಗಿರ್ಬಹುದು. ಅದೇ ಲಿಂಕನ್ನು ಕ್ರೋಮಲ್ಲಿ ತೆಗ್ದು ಹೋಲಿಸಿ.

ಬೇರೆ ಬೇರೆಯವರ ಎರಡು ಮೂರು ಫೋನಲ್ಲಿ ಅದೇ ತೊಂದರೆ ಬಂತು ಅಂದ್ರೆ ಸೈಟಿದ್ದೇ ದೋಷ. ಮುಂದೆ ಓದಿ.

ಇಡೀ ಪೇಜ್ ಒಳಗೆ ಬರ್ತದೆ, ಆದ್ರೆ ಅಕ್ಷರ ಇರುವೆ ಸಾಲಿನ ಹಾಗೆ

ಕಂಪ್ಯೂಟರಲ್ಲಿ ಕಂಡದ್ದೇ ಮೊಬೈಲಲ್ಲಿ, ಆದ್ರೆ ಎಲ್ಲ ಕುಗ್ಗಿ, ಎರಡು ಬೆರಳಲ್ಲಿ ಹಿಗ್ಗಿಸದೆ ಓದ್ಲಿಕ್ಕೇ ಆಗುದಿಲ್ಲ. ಇದು ನೋಡ್ಲಿಕ್ಕೆ ಭಾರಿ ದೊಡ್ಡ ತೊಂದರೆ ಹಾಗೆ ಕಾಣ್ತದೆ, ರಿಪೇರಿ ಒಮ್ಮೊಮ್ಮೆ ಒಂದೇ ಸಾಲು.

ಕಾರಣ ಹೇಳ್ತೇನೆ. 2007ರಲ್ಲಿ ಐಫೋನ್ ಬಂದಾಗ ಇದ್ದ ಸೈಟೆಲ್ಲ ಕಂಪ್ಯೂಟರಿಗೆ ಮಾಡಿದ್ದು. ಅವು ಚಿಕ್ಕ ಸ್ಕ್ರೀನಲ್ಲಿ ಚಿಂದಿ ಆಗ್ಬಾರದು ಅಂತ ಬ್ರೌಸರ್ ಒಂದು ಉಪಾಯ ಮಾಡಿತು, ಸ್ಕ್ರೀನ್ 980 ಪಿಕ್ಸೆಲ್ ಅಗಲ ಉಂಟು ಅಂತ ಅಂದ್ಕೊಂಡು ಪೇಜ್ ಹಾಕುದು, ಮತ್ತೆ ಅದನ್ನು ಕುಗ್ಗಿಸಿ ತೋರಿಸುದು. ಈಗಲೂ ಸೈಟ್ ಬೇರೆ ಎಂತದೂ ಹೇಳದಿದ್ರೆ ಬ್ರೌಸರ್ ಮಾಡುದು ಹಾಗೇ. ನಮ್ಮಲ್ಲಿ ಹೆಚ್ಚಿನವರ ಹತ್ರ ಇರುವ ಆಂಡ್ರಾಯ್ಡ್ ಫೋನಿನ ಅಗಲ ವೆಬ್‌ಸೈಟಿನ ಲೆಕ್ಕದಲ್ಲಿ 360ರಿಂದ 412 ಪಿಕ್ಸೆಲ್. 980ನ್ನು 360ಕ್ಕೆ ಕುಗ್ಗಿಸಿದ್ರೆ 16 ಪಿಕ್ಸೆಲಿನ ಅಕ್ಷರ 6 ಪಿಕ್ಸೆಲಿನಷ್ಟು ಆಗ್ತದೆ, ಓದುದು ಹೇಗೆ? "ನನ್ನ ಫೋನ್ ಫುಲ್ ಎಚ್‌ಡಿ, 1080 ಉಂಟು" ಅಂತ ಕೆಲವರು ಹೇಳ್ತಾರೆ, ಅದು ಗಾಜಿನ ಹಿಂದೆ ಇರುವ ಚುಕ್ಕೆಗಳ ಲೆಕ್ಕ. ಅಂಥ ಫೋನಲ್ಲಿ ಸಾಮಾನ್ಯವಾಗಿ ಮೂರು ಚುಕ್ಕೆಗೆ ಒಂದು ವೆಬ್ ಪಿಕ್ಸೆಲ್, ಹಾಗಾಗಿ ಸೈಟಿಗೆ ಸಿಗುದು 360 ಮಾತ್ರ.

ನೋಡುದು ಹೇಗೆ: ಕಂಪ್ಯೂಟರಲ್ಲಿ ಪೇಜ್ ತೆಗ್ದು ಕಂಟ್ರೋಲ್ + ಯು ಒತ್ತಿ, ಸೋರ್ಸ್ ಬರ್ತದೆ, ಅದ್ರಲ್ಲಿ "ವ್ಯೂಪೋರ್ಟ್" ಅಂತ ಹುಡುಕಿ, ಇಂಗ್ಲಿಷ್ ಸ್ಪೆಲಿಂಗಲ್ಲಿ, viewport. ಪೇಜನ್ನು ಎಷ್ಟು ಅಗಲಕ್ಕೆ ಹಾಕ್ಬೇಕು ಅಂತ ಬ್ರೌಸರಿಗೆ ಹೇಳುದು ಅದೇ. ಮೇಲಿನ ಹೆಡ್ ಭಾಗದಲ್ಲಿ ಒಂದು ಮೆಟಾ ಟ್ಯಾಗ್ ಇರ್ಬೇಕು, ಅದ್ರ ಕಂಟೆಂಟಲ್ಲಿ ವಿಡ್ತ್ ಅಂದ್ರೆ ಡಿವೈಸ್-ವಿಡ್ತ್, ಇನಿಶಿಯಲ್-ಸ್ಕೇಲ್ ಅಂದ್ರೆ 1 ಅಂತ (width=device-width, initial-scale=1) ಬರೆದಿರ್ಬೇಕು. ಆ ಟ್ಯಾಗೇ ಇಲ್ಲ, ಅಥವಾ ವಿಡ್ತ್ ಜಾಗದಲ್ಲಿ 1024, 1200 ಅಂತ ನಂಬರ್ ಉಂಟು ಅಂದ್ರೆ ದೋಷ ಅಲ್ಲೇ ಸಿಕ್ಕಿತು.

ಟ್ಯಾಗ್ ಹಾಕಿದ ಮೇಲೆ ಎರಡರಲ್ಲಿ ಒಂದು ಆಗ್ತದೆ. ಪೇಜ್ ಚಂದ ಕೂತ್ರೆ ಸಂತೋಷ. ಇಲ್ಲದಿದ್ರೆ ಅಕ್ಷರ ದೊಡ್ಡದಾಯ್ತು, ಆದ್ರೆ ಅರ್ಧ ಪೇಜ್ ಬಲಗಡೆ ಹೊರಗೆ ಹೋಯ್ತು ಅಂತ ಆಗ್ತದೆ. ಎರಡನೇದು ಕಂಡ್ರೆ ಹೆದರಿ ಟ್ಯಾಗ್ ತೆಗೀಬೇಡಿ. ಒಳಗಿನ ಡಿಸೈನ್ ಮೊದಲಿಂದಲೂ ಗಟ್ಟಿ ಅಗಲದ್ದೇ ಇತ್ತು, ಈಗ ಅದು ಎದುರಿಗೆ ಬಂತು ಅಷ್ಟೇ.

ಅದೇ ಟ್ಯಾಗಲ್ಲಿ "ಯೂಸರ್-ಸ್ಕೇಲೆಬಲ್ ನೋ" ಅಂತ ಅಥವಾ "ಮ್ಯಾಕ್ಸಿಮಮ್-ಸ್ಕೇಲ್ 1" ಅಂತ ಇದ್ರೆ ದಯವಿಟ್ಟು ಅದನ್ನು ತೆಗೀರಿ. ಕಣ್ಣು ಮಂಜಾದವರು ಎರಡು ಬೆರಳಲ್ಲಿ ದೊಡ್ಡದು ಮಾಡ್ಲಿಕ್ಕೆ ನೋಡಿದ್ರೆ ಆಂಡ್ರಾಯ್ಡ್ ಫೋನಲ್ಲಿ ಅದು ಬಿಡುದಿಲ್ಲ. ಡಿಸೈನ್ ಅಲುಗಾಡ್ಬಾರದು ಅಂತ ಓದುವವರ ಕೈ ಕಟ್ಟಿ ಹಾಕುದು ಸರಿಯಲ್ಲ.

ಪೇಜ್ ಎಡಕ್ಕೆ ಬಲಕ್ಕೆ ಜಾರ್ತದೆ, ಬಲಗಡೆ ಬಿಳಿ ಪಟ್ಟಿ ಕಾಣ್ತದೆ

ಅತಿ ಹೆಚ್ಚು ಬರುವ ದೂರು ಇದೇ. ಮೇಲೆ ಕೆಳಗೆ ಸ್ಕ್ರೋಲ್ ಮಾಡುವಾಗ ಪೇಜ್ ಪಕ್ಕಕ್ಕೆ ಜಾರ್ತದೆ, ಸಾಲಿನ ಕೊನೆಯ ಪದ ತುಂಡಾಗಿ ಹೊರಗೆ ಹೋಗಿರ್ತದೆ, ಪ್ರತಿ ಸಾಲಿಗೂ ಆಚೆ ಈಚೆ ಎಳೆದು ಓದ್ಬೇಕು. ಅರ್ಥ ಇಷ್ಟೇ, ವ್ಯೂಪೋರ್ಟ್ ಸರಿ ಉಂಟು, ಪೇಜಿನ ಹೆಚ್ಚಿನ ಭಾಗವೂ ಸರಿ ಉಂಟು, ಯಾವುದೋ ಒಂದು ವಸ್ತು ಸ್ಕ್ರೀನಿಗಿಂತ ಅಗಲ ಉಂಟು, ಅದು ಇಡೀ ಪೇಜನ್ನೇ ಹೊರಗೆ ಎಳೀತಾ ಉಂಟು.

ನನಗೆ ಮೊದಲ ಸಂಶಯ ಯಾವಾಗ್ಲೂ ಗೂಗಲ್ ಮ್ಯಾಪಿನ ಮೇಲೆ. ಮ್ಯಾಪಿಂದ ಎಂಬೆಡ್ ಕೋಡ್ ಕಾಪಿ ಮಾಡಿದ್ರೆ ಅದ್ರಲ್ಲಿ ಮಾಮೂಲಾಗಿ ಅಗಲ 600, ಎತ್ತರ 450 ಅಂತ ಬರೆದೇ ಬರ್ತದೆ. 360ರ ಫೋನಲ್ಲಿ 600ರ ಮ್ಯಾಪ್ ಹಾಕಿದ್ರೆ 240 ಪಿಕ್ಸೆಲ್ ಹೊರಗೆ. ಹೋಮ್‌ಸ್ಟೇ ಸೈಟಲ್ಲಿ "ಬರುವ ದಾರಿ" ಅಂತ ಒಂದು ಮ್ಯಾಪ್ ಇಲ್ಲದೆ ಇರುದೇ ಇಲ್ಲ, ಹಾಗಾಗಿ ಅದನ್ನು ಮೊದಲು ನೋಡಿ. ಯೂಟ್ಯೂಬ್ ವಿಡಿಯೋದ್ದೂ ಅದೇ ಕತೆ, ಅದು 560ಕ್ಕೆ 315. ಎರಡಕ್ಕೂ ಸಿಎಸ್‌ಎಸ್ಸಲ್ಲಿ (ಪೇಜ್ ಹೇಗೆ ಕಾಣ್ಬೇಕು ಅಂತ ಬರೆಯುವ ಕೋಡಲ್ಲಿ) ವಿಡ್ತ್ 100% ಕೊಟ್ರೆ ಅಗಲ ಬಿಡ್ತದೆ, ವಿಡಿಯೋಗೆ ಆಸ್ಪೆಕ್ಟ್-ರೇಶಿಯೋ 16/9 ಅಂತ ಕೊಟ್ಟು ಹೈಟನ್ನು ಆಟೋ ಮಾಡಿದ್ರೆ ಎತ್ತರವೂ ತಾನಾಗಿ ಸರಿ ಆಗ್ತದೆ.

ಅದಲ್ಲ ಅಂತಾದ್ರೆ ಹುಡುಕ್ಬೇಕು. ಕಂಪ್ಯೂಟರಲ್ಲಿ ಕ್ರೋಮ್ ತೆಗ್ದು ಎಫ್12, ಆಮೇಲೆ ಕಂಟ್ರೋಲ್ + ಶಿಫ್ಟ್ + ಎಂ ಒತ್ತಿ, ಫೋನಿನ ಅಳತೆಯ ಪೇಜ್ ಬರ್ತದೆ. ಅಗಲ 360 ಇಡಿ. ಬಲಗಡೆ ಯಾವುದು ಹೊರಗೆ ಹೋಗಿದೆ ಅಂತ ಕಣ್ಣಿಗೆ ಕಂಡ್ರೆ ಆಯ್ತು. ಕಾಣದಿದ್ರೆ ಎಲಿಮೆಂಟ್ಸ್ ಅಂತ ಇರುವ ಕಡೆ ಒಂದೊಂದೇ ದೊಡ್ಡ ಭಾಗ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ. ಹೆದರ್ಬೇಡಿ, ಇದು ನಿಮ್ಮ ಬ್ರೌಸರಲ್ಲಿ ಮಾತ್ರ ಅಳಿಯುದು, ರಿಫ್ರೆಶ್ ಕೊಟ್ರೆ ಎಲ್ಲ ವಾಪಸ್. ಸ್ಲೈಡರ್ ಅಳಿಸಿದ್ರಿ, ಜಾರುದು ನಿಲ್ಲಲಿಲ್ಲ. ಫೋಟೋ ಗ್ಯಾಲರಿ ಅಳಿಸಿದ್ರಿ, ನಿಲ್ಲಲಿಲ್ಲ. ಕೆಳಗಿನ ಫೂಟರ್ ಅಳಿಸಿದ ಕೂಡ್ಲೇ ಜಾರುದು ನಿಂತಿತು ಅಂದ್ರೆ ಕಳ್ಳ ಫೂಟರ್ ಒಳಗೆ ಕೂತಿದ್ದಾನೆ. ರಿಫ್ರೆಶ್ ಮಾಡಿ, ಈಗ ಫೂಟರಿನ ಒಳಗಿನದ್ದನ್ನು ಒಂದೊಂದೇ ಅಳಿಸಿ ನೋಡಿ. ಸ್ವಲ್ಪ ತಾಳ್ಮೆ ಬೇಕು, ಆದ್ರೆ ಇದು ಕೈ ಕೊಡುದಿಲ್ಲ.

ಸಿಕ್ಕಿಬೀಳುವವು ಹೆಚ್ಚಾಗಿ ಇವೇ. ಫೋಟೋ: ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ ಕೊಡಿ. ಪಿಕ್ಸೆಲಲ್ಲಿ ಅಗಲ ಬರೆದ ಡಬ್ಬ: ವಿಡ್ತ್ 1000 ಅಂತ ಇದ್ದದ್ದನ್ನು ಮ್ಯಾಕ್ಸ್-ವಿಡ್ತ್ 1000 ಮಾಡಿ, ಆಗ ದೊಡ್ಡ ಸ್ಕ್ರೀನಲ್ಲಿ ಸಾವಿರಕ್ಕೆ ನಿಲ್ತದೆ, ಚಿಕ್ಕದರಲ್ಲಿ ಕುಗ್ತದೆ. 100% ಅಗಲ ಕೊಟ್ಟು ಅದ್ರ ಮೇಲೆ ಪ್ಯಾಡಿಂಗ್ (ಒಳ ಅಂಚಿನ ಖಾಲಿ ಜಾಗ) ಸೇರಿಸಿದ್ದು: ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಇಲ್ಲದಿದ್ರೆ ಪ್ಯಾಡಿಂಗಿನಷ್ಟು ಹೊರಗೆ ಬರ್ತದೆ. ಸಿಎಸ್‌ಎಸ್ಸಿನ ಡಿಸ್‌ಪ್ಲೇ ಫ್ಲೆಕ್ಸ್ ಕೊಟ್ಟು ಸಾಲಾಗಿ ಇಟ್ಟ ಕಾರ್ಡ್: ಫ್ಲೆಕ್ಸ್-ರ‍್ಯಾಪ್ ಇಲ್ಲದಿದ್ರೆ ಕೆಳಗೆ ಇಳಿಯುದಿಲ್ಲ, ಒಳಗಿನದ್ದು ಕುಗ್ಗದಿದ್ರೆ ಅದಕ್ಕೆ ಮಿನ್-ವಿಡ್ತ್ 0 ಕೊಡ್ಬೇಕಾಗ್ತದೆ.

ಇನ್ನೊಂದು ನಮ್ಮ ಕನ್ನಡದ್ದೇ ತೊಂದರೆ ಉಂಟು, ಉದ್ದದ ಪದ. "ಬ್ರಹ್ಮಕಲಶಾಭಿಷೇಕೋತ್ಸವ" ಅಂತ ದೊಡ್ಡ ಹೆಡಿಂಗ್ ಹಾಕಿದ್ರೆ ನಡುವೆ ಎಲ್ಲೂ ಸ್ಪೇಸ್ ಇಲ್ಲ, ಬ್ರೌಸರ್ ಎಲ್ಲಿ ಮುರೀಬೇಕು ಅಂತ ಗೊತ್ತಾಗದೆ ಹಾಗೇ ಹೊರಗೆ ಬಿಡ್ತದೆ. ಓವರ್‌ಫ್ಲೋ-ರ‍್ಯಾಪ್ ಬ್ರೇಕ್-ವರ್ಡ್ ಕೊಟ್ರೆ ಪೇಜ್ ಜಾರುದು ನಿಲ್ತದೆ, ಆದ್ರೆ ಪದ ಎಲ್ಲಿ ಬೇಕಾದ್ರೂ ತುಂಡಾಗ್ತದೆ, ಚಂದ ಕಾಣುದಿಲ್ಲ. ಮೊಬೈಲಿಗೆ ಹೆಡಿಂಗಿನ ಸೈಜ್ ಇಳಿಸುದು, ಅಥವಾ ಪದದ ನಡುವೆ ಸರಿಯಾದ ಜಾಗದಲ್ಲಿ ಸಾಫ್ಟ್ ಹೈಫನ್ (ಪದ ಅಲ್ಲಿ ಮುರಿದ್ರೆ ಮಾತ್ರ ಕಾಣುವ ಗೆರೆ) ಹಾಕುದು ಒಳ್ಳೇದು.

ಮತ್ತೆ ಒಂದು ಎಚ್ಚರಿಕೆ. ಇಂಟರ್ನೆಟಲ್ಲಿ ಹುಡುಕಿದ್ರೆ "ಬಾಡಿ ಟ್ಯಾಗಿಗೆ ಓವರ್‌ಫ್ಲೋ-ಎಕ್ಸ್ ಹಿಡನ್ ಹಾಕಿ" ಅಂತ ಸುಲಭದ ಉತ್ತರ ಸಿಕ್ತದೆ. ಹಾಕಿದ್ರೆ ಜಾರುದು ನಿಲ್ತದೆ ಹೌದು, ಆದ್ರೆ ಹೊರಗೆ ಹೋದದ್ದು ಹೊರಗೇ ಉಳೀತದೆ, ಈಗ ಅದನ್ನು ಎಳೆದು ನೋಡ್ಲಿಕ್ಕೂ ಆಗುದಿಲ್ಲ. ಸೇವೆಯ ಹೆಸರು ಕಾಣ್ತದೆ, ರೇಟ್ ಮಾತ್ರ ಗೋಡೆ ಆಚೆ. ಹಾಗೆ ಮಾಡಿದ್ದಕ್ಕಿಂತ ಮೊದಲೇ ಇದ್ದದ್ದು ವಾಸಿ.

ಸೇವಾಪಟ್ಟಿ, ಆಟದ ಪಟ್ಟಿ ಓದ್ಲಿಕ್ಕೆ ಆಗುದಿಲ್ಲ

ಟೇಬಲ್ ಒಂದು ಬೇರೆಯೇ ವಿಷಯ. ಹೂವಿನ ಪೂಜೆ, ರಂಗಪೂಜೆ, ಸತ್ಯನಾರಾಯಣ ಪೂಜೆ, ಒಂದೊಂದಕ್ಕೂ ದಿನ, ಹೊತ್ತು, ಮೊತ್ತ, ಮುಂಚೆ ಹೇಳ್ಬೇಕಾ ಅಂತ ಐದಾರು ಕಾಲಂ. ಅದನ್ನು 360ರೊಳಗೆ ತುಂಬಿದ್ರೆ ಒಂದು ಕಾಲಂಗೆ ಎರಡಕ್ಷರ ಹಿಡಿಯುದೇ ಕಷ್ಟ.

ಸುಲಭದ ಪರಿಹಾರ, ಟೇಬಲನ್ನು ಒಂದು ಡಿವ್ (ಪೇಜಿನ ಖಾಲಿ ಡಬ್ಬ) ಒಳಗೆ ಇಟ್ಟು ಆ ಡಿವ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ ಕೊಡುದು. ಆಗ ಪೇಜ್ ಜಾರುದಿಲ್ಲ, ಟೇಬಲ್ ಮಾತ್ರ ತನ್ನ ಜಾಗದಲ್ಲಿ ಪಕ್ಕಕ್ಕೆ ಸರೀತದೆ. ಅರ್ಧ ಗಂಟೆ ಕೆಲಸ ಕೂಡ ಇಲ್ಲ. ಆದ್ರೆ ಪಕ್ಕಕ್ಕೆ ಇನ್ನೂ ಉಂಟು ಅಂತ ಜನರಿಗೆ ಗೊತ್ತಾಗ್ಬೇಕು, ಕೊನೆಯ ಕಾಲಂ ಅರ್ಧ ಕಾಣುವ ಹಾಗೆ ಇಟ್ರೆ ಕೈ ತಾನಾಗಿ ಎಳೀತದೆ.

ಯಕ್ಷಗಾನ ಮೇಳದ ಪಟ್ಟಿಗೆ ನಾನು ಅದನ್ನು ಒಪ್ಪುದಿಲ್ಲ. ಪತ್ತನಾಜೆವರೆಗೆ (ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ದಿನ) ದಿನಾ ಆಟ, ಸಂಜೆ ಹೊರಟವರಿಗೆ ಬೇಕಾದ್ದು ಇವತ್ತು ಎಲ್ಲಿ, ಯಾವ ಪ್ರಸಂಗ, ಕಾಲಮಿತಿಯಾ ಬೆಳಗ್ಗಿನವರೆಗಾ ಅಂತ. ಅವರು ಮೂರು ತಿಂಗಳ ಟೇಬಲನ್ನು ಎಳೀಬೇಕಾ? ಚಿಕ್ಕ ಸ್ಕ್ರೀನಲ್ಲಿ ಪ್ರತಿ ಸಾಲನ್ನೂ ಒಂದು ಕಾರ್ಡ್ ಮಾಡಿ: ಮೇಲೆ ದೊಡ್ಡದಾಗಿ ತಾರೀಕು, ಅದ್ರ ಕೆಳಗೆ ಊರು, ಆಮೇಲೆ ಪ್ರಸಂಗ. ಮೀಡಿಯಾ ಕ್ವೆರಿ (ಸ್ಕ್ರೀನ್ ಇಂತಿಷ್ಟು ಅಗಲ ಇದ್ರೆ ಮಾತ್ರ ಅನ್ವಯ ಆಗುವ ಸಿಎಸ್‌ಎಸ್) ಹಾಕಿ ಟೇಬಲಿನ ಸಾಲಿಗೂ ಅದ್ರೊಳಗಿನ ಒಂದೊಂದು ಮನೆಗೂ ಡಿಸ್‌ಪ್ಲೇ ಬ್ಲಾಕ್ ಕೊಟ್ರೆ ಅದೇ ಎಚ್‌ಟಿಎಂಎಲ್ ಮೊಬೈಲಲ್ಲಿ ಕಾರ್ಡ್, ಕಂಪ್ಯೂಟರಲ್ಲಿ ಟೇಬಲ್ ಆಗ್ತದೆ.

ಪಟ್ಟಿಯನ್ನು ಪೋಸ್ಟರ್ ಫೋಟೋ ಮಾಡಿ ಹಾಕುವವರು, ಮೆನು ಕಾರ್ಡನ್ನು ಪಿಡಿಎಫ್ ಮಾಡಿ ಹಾಕುವವರು ತುಂಬ ಜನ ಇದ್ದಾರೆ. ಫೋಟೋದೊಳಗಿನ ಅಕ್ಷರ ಸ್ಕ್ರೀನಿಗೆ ತಕ್ಕ ಹಾಗೆ ಸಾಲು ಬದಲಾಯಿಸುದಿಲ್ಲ, ಕಣ್ಣು ಕಾಣದವರಿಗೆ ಪೇಜ್ ಓದಿ ಹೇಳುವ ಸ್ಕ್ರೀನ್ ರೀಡರ್ ಓದುದಿಲ್ಲ. ಅಂಜಲ್ ಫ್ರೈ ಎಷ್ಟು, ನೀರ್ ದೋಸೆ ಎಷ್ಟು ಅಂತ ಟೈಪ್ ಮಾಡಿ ಹಾಕಿ, ಅದಕ್ಕೆ ಬೇರೆ ದಾರಿ ಇಲ್ಲ.

ಕನ್ನಡ ಅಕ್ಷರದ ಒತ್ತು ತುಂಡಾಗ್ತದೆ, ಅಥವಾ ಕನ್ನಡವೇ ಕಾಣುದಿಲ್ಲ

ಹೆಡಿಂಗ್ ಎರಡು ಸಾಲಾದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗ್ತದೆ, ಅಥವಾ ಬಟನ್ ಮೇಲಿನ "ಕಾಯ್ದಿರಿಸಿ" ಅನ್ನುವಲ್ಲಿ ಕೆಳಗಿನ ಒತ್ತು ಅರ್ಧ ಕತ್ತರಿಸಿ ಹೋಗಿರ್ತದೆ. ಕಾರಣ ಥೀಮ್, ಅಂದ್ರೆ ಸೈಟಿಗೆ ಹಾಕಿದ ಸಿದ್ಧ ಡಿಸೈನ್. ಹೆಚ್ಚಿನ ಥೀಮ್ ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿದ್ದು, ಲೈನ್-ಹೈಟ್ 1.1, 1.2 ಇರ್ತದೆ. ನಮ್ಮ ಲಿಪಿಗೆ ಮೇಲೂ ಕೆಳಗೂ ಜಾಗ ಬೇಕು. ನಾನು ಓದುವ ಭಾಗಕ್ಕೆ 1.7, ಹೆಡಿಂಗಿಗೆ 1.4 ಇಡ್ತೇನೆ, ಫಾಂಟ್ ನೋಡಿ ಸ್ವಲ್ಪ ಹೆಚ್ಚುಕಡಿಮೆ. ಬಟನಿಗೆ ಪಿಕ್ಸೆಲಲ್ಲಿ ಎತ್ತರ ಬರೆದಿದ್ರೆ ತೆಗ್ದು ಪ್ಯಾಡಿಂಗ್ ಕೊಡಿ, ಆಗ ಅಕ್ಷರ ದೊಡ್ಡದಾದ್ರೂ, ಪದ ಎರಡು ಸಾಲಾದ್ರೂ ಬಟನ್ ಅದ್ರ ಜೊತೆ ಬೆಳೀತದೆ.

ಕನ್ನಡದ ಬದಲು ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಕಂಡ್ರೆ ಅದು ಸ್ಕ್ರೀನಿನ ತೊಂದರೆ ಅಲ್ಲ. ಹಿಂದೆ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದ್ದು, ಆ ಫಾಂಟ್ ಫೋನಲ್ಲಿ ಇಲ್ಲ. ಎಲ್ಲ ಫೋನಿಗೂ ಗೊತ್ತಿರುವ ಯೂನಿಕೋಡಿಗೆ ಪರಿವರ್ತನೆ ಮಾಡಿ ಹಾಕಿ.

ಬಟನ್ ಒತ್ತಿದ್ರೆ ಆಗುದಿಲ್ಲ, ಬೇರೆಯೇ ಎಂತದೋ ಓಪನ್ ಆಗ್ತದೆ

ಆಷಾಢದ ಮಳೆಗೆ ಬಸ್‌ಸ್ಟ್ಯಾಂಡಲ್ಲಿ ನಿಂತು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನ್, ಹೆಬ್ಬೆರಳಲ್ಲಿ ಒತ್ತುವವರನ್ನು ಮನಸ್ಸಲ್ಲಿ ಇಟ್ಕೊಂಡು ಈ ಭಾಗ ನೋಡಿ.

ಮೊದಲು, ಬಟನಿನ ಮೇಲೆ ಬೇರೆ ಎಂತದಾದ್ರೂ ಕೂತಿದೆಯಾ? ಕೆಳಗೆ ಬಲಗಡೆ ತೇಲುವ ವಾಟ್ಸಾಪ್ ಐಕಾನ್ ಸರೀ "ಬುಕ್ ಮಾಡಿ" ಬಟನ್ ಮೇಲೆಯೇ ಬರುದು ಎಷ್ಟೋ ಸೈಟಲ್ಲಿ ಉಂಟು. ಕಂಪ್ಯೂಟರಲ್ಲಿ ಅದು ಮೂಲೆಯಲ್ಲಿ ಇರ್ತದೆ, ಗೊತ್ತಾಗುದಿಲ್ಲ. ಪೇಜಿನ ಕೆಳಗೆ ಅಷ್ಟು ಜಾಗ ಖಾಲಿ ಬಿಡಿ, ಅಥವಾ ಐಕಾನನ್ನೇ ತೆಗೀರಿ.

ಎರಡು, ಸೈಜ್. ಆ್ಯಪಲ್ 44 ಪಾಯಿಂಟ್ ಇಡಿ ಅಂತದೆ, ಆಂಡ್ರಾಯ್ಡಿಗೆ ಗೂಗಲ್ 48 ಹೇಳ್ತದೆ, ಸೈಟ್ ಎಲ್ಲರಿಗೂ ಬಳಸ್ಲಿಕ್ಕೆ ಆಗ್ಬೇಕು ಅನ್ನುವ, 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 ನಿಯಮದಲ್ಲಿ ಕನಿಷ್ಠ 24ಕ್ಕೆ 24 ಪಿಕ್ಸೆಲ್. ನಾನು 48ರ ಪಕ್ಷ. ಫೋನ್ ನಂಬರ್‌ಗಳನ್ನು ಒಂದ್ರ ಕೆಳಗೆ ಒಂದು ಒತ್ತೊತ್ತಾಗಿ ಬರೆದ್ರೆ ಕಚೇರಿಗೆ ಮಾಡಿದ ಕಾಲ್ ಅರ್ಚಕರಿಗೆ ಹೋಗ್ತದೆ, ನಡುವೆ ಅಂತರ ಬಿಡಿ.

ಮೂರು, ಮೆನು. ಕಂಪ್ಯೂಟರಲ್ಲಿ ಮೌಸ್ ಮೇಲೆ ತಂದ್ರೆ ಕೆಳಗೆ ಬಿಚ್ಚುವ ಮೆನು ಫೋನಲ್ಲಿ ಹೆಚ್ಚಾಗಿ ಸರಿ ಬಿಚ್ಚುದಿಲ್ಲ, ಯಾಕಂದ್ರೆ ಬೆರಳಿಗೆ "ಮೇಲೆ ತರುದು" ಅಂತ ಇಲ್ಲ, ಒತ್ತುದು ಮಾತ್ರ. "ಸೇವೆಗಳು" ಒತ್ತಿದ್ರೆ ಒಳಪಟ್ಟಿ ಕಾಣುವ ಮುಂಚೆಯೇ ಬೇರೆ ಪೇಜಿಗೆ ಹೋಗಿಬಿಡ್ತದೆ. ಒತ್ತಿದ್ರೆ ಬಿಚ್ಚುವ ಹಾಗೆ ಮಾಡಿಸ್ಬೇಕು.

ಐಫೋನಲ್ಲಿ ಫಾರ್ಮಿನ ಜಾಗ ಒತ್ತಿದ ಕೂಡ್ಲೇ ಪೇಜ್ ಗಕ್ಕನೆ ದೊಡ್ಡದಾಗಿ ಪಕ್ಕಕ್ಕೆ ಹೋಗ್ತದಾ? ಆ ಇನ್‌ಪುಟ್ಟಿನ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದು ಉಂಟು, ಹಾಗಿದ್ರೆ ಸಫಾರಿ ತಾನಾಗಿ ಝೂಮ್ ಮಾಡ್ತದೆ. 16 ಮಾಡಿ, ನಿಲ್ತದೆ. ಹಾಗೇ ಮೊಬೈಲ್ ನಂಬರ್ ಹಾಕುವ ಜಾಗಕ್ಕೆ ಟೈಪ್ ಟೆಲ್ ಅಂತ ಕೊಟ್ರೆ ನಂಬರ್ ಕೀಬೋರ್ಡೇ ಬರ್ತದೆ.

ಮೊದಲ ಪೇಜಿನ ದೊಡ್ಡ ಫೋಟೋದ ಅಡಿಯಲ್ಲಿರುವ ಬಟನ್ ಮೊಬೈಲಲ್ಲಿ ಅರ್ಧ ಮುಚ್ಚಿ ಹೋದ್ರೆ ಸಿಎಸ್‌ಎಸ್ಸಲ್ಲಿ ಆ ಫೋಟೋದ ಎತ್ತರ 100 ವಿಎಚ್ (ಪೂರ್ತಿ ಸ್ಕ್ರೀನಿನಷ್ಟು) ಅಂತ ಇರ್ತದೆ. ಅದು ಅಡ್ರೆಸ್ ಬಾರ್ ಇಲ್ಲದಾಗಿನ ಎತ್ತರದ ಲೆಕ್ಕ. ಬಾರ್ ಇದ್ದಾಗಿನ ಎತ್ತರ ಹಿಡಿಯುವ 100 ಎಸ್‌ವಿಎಚ್ ಹಾಕಿ.

ಪೇಜ್ ಬರ್ಲಿಕ್ಕೆ ಹೊತ್ತಾಗ್ತದೆ, ಓದ್ತಾ ಇರುವಾಗ ಕೆಳಗೆ ಹಾರ್ತದೆ

ಬೀಚಿನ ಫೋಟೋ ಫೋನಲ್ಲಿ ತೆಗ್ದು ಹಾಗೇ ಅಪ್‌ಲೋಡ್ ಮಾಡಿದ್ದು, 4000 ಪಿಕ್ಸೆಲ್ ಅಗಲ, ನಾಲ್ಕೈದು ಎಂಬಿ. ತೋರಿಸುದು 360ರ ಜಾಗದಲ್ಲಿ. ಮ್ಯಾಕ್ಸ್-ವಿಡ್ತ್ ಕೊಟ್ರೆ ಕಣ್ಣಿಗೆ ಚಿಕ್ಕದಾಗ್ತದೆ, ಆದ್ರೆ ಡೌನ್‌ಲೋಡ್ ಆಗುದು ಪೂರ್ತಿ ಫೋಟೋವೇ, ಡೇಟಾ ಹೋಗುದು ಗಿರಾಕಿಯದ್ದು. ಅಗಲ 1600ಕ್ಕೆ ಇಳಿಸಿ ವೆಬ್‌ಪಿಯಲ್ಲಿ (ಫೋಟೋದ ಹಗುರ ಫಾರ್ಮ್ಯಾಟಲ್ಲಿ) ಸೇವ್ ಮಾಡಿ ಹಾಕಿ, ಇಷ್ಟು ಯಾರಿಗೂ ಆಗ್ತದೆ. ಸಾಧ್ಯ ಇದ್ರೆ ಎಸ್‌ಆರ್‌ಸಿಸೆಟ್ (srcset) ಕೊಡಿ, ಒಂದೇ ಫೋಟೋದ ಮೂರು ನಾಲ್ಕು ಸೈಜ್ ಇಟ್ಟು ಯಾವುದು ಬೇಕು ಅಂತ ಬ್ರೌಸರೇ ಆರಿಸುವ ಹಾಗೆ. ವರ್ಡ್‌ಪ್ರೆಸ್ 2015ರ 4.4 ವರ್ಷನಿಂದ ಇದನ್ನು ತಾನಾಗಿ ಮಾಡ್ತದೆ, ಆದ್ರೆ ಬ್ಯಾಕ್‌ಗ್ರೌಂಡ್ ಆಗಿ ಹಾಕಿದ ಫೋಟೋಗೆ ಅದು ಅನ್ವಯ ಆಗುದಿಲ್ಲ.

ಹಾರುದು ಯಾಕೆ ಅಂದ್ರೆ ಫೋಟೋಗೆ ಎಷ್ಟು ಜಾಗ ಬೇಕು ಅಂತ ಮೊದಲೇ ಗೊತ್ತಿಲ್ಲ, ಫೋಟೋ ಬಂದ ಮೇಲೆ ಅಕ್ಷರವನ್ನು ಕೆಳಗೆ ದೂಡ್ತದೆ. ಇಮೇಜ್ ಟ್ಯಾಗಲ್ಲಿ ವಿಡ್ತ್, ಹೈಟ್ ಎರಡೂ ಬರೆದ್ರೆ ಬ್ರೌಸರ್ ಜಾಗ ಬಿಟ್ಟೇ ಇಡ್ತದೆ. ಆ ನಂಬರ್ ಇದ್ರೂ ಸಿಎಸ್‌ಎಸ್ಸಲ್ಲಿ ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ ಇರುದರಿಂದ ಚಿಕ್ಕ ಸ್ಕ್ರೀನಲ್ಲಿ ಕುಗ್ತದೆ, ಗೊಂದಲ ಬೇಡ.

ಫೋನಲ್ಲಿ ಸರಿ, ಟ್ಯಾಬ್‌ನಲ್ಲಿ ಅಥವಾ ಚಿಕ್ಕ ಲ್ಯಾಪ್‌ಟಾಪಲ್ಲಿ ಹಾಳು

ಮಾಡಿದವರು ಫೋನ್ ಒಂದು, ಕಂಪ್ಯೂಟರ್ ಒಂದು ಅಂತ ಎರಡೇ ಅಳತೆ ನೋಡಿದ್ದಾರೆ. ಬ್ರೌಸರಿನ ಅಂಚು ಹಿಡಿದು ನಿಧಾನ ಅಗಲ ಮಾಡ್ತಾ ಹೋಗಿ, ಯಾವ ಅಳತೆಗೆ ಮುರೀತದೋ ಅಲ್ಲಿಗೆ ಮೀಡಿಯಾ ಕ್ವೆರಿ ಬೇಕು. 768, 992 ಅಂತ ಬಾಯಿಪಾಠದ ನಂಬರ್ ಹಾಕುದಕ್ಕಿಂತ ನಿಮ್ಮ ಮೆನು ಯಾವಾಗ ಎರಡು ಸಾಲಾಗ್ತದೆ ಅನ್ನುದೇ ಸರಿಯಾದ ನಂಬರ್. 2010ರಲ್ಲಿ ಈಥನ್ ಮಾರ್ಕಾಟ್ ರೆಸ್ಪಾನ್ಸಿವ್ ಡಿಸೈನ್ ಅಂತ ಹೇಳಿದಾಗಲೂ ಇದ್ದದ್ದು ಮೂರೇ, ಅಗಲ ಬದಲಾಗುವ ಗ್ರಿಡ್, ಕುಗ್ಗುವ ಫೋಟೋ, ಮೀಡಿಯಾ ಕ್ವೆರಿ. ಮೊದಲ ಎರಡು ಸರಿ ಇದ್ರೆ ಮೂರನೇದು ತುಂಬ ಬೇಕಾಗುದಿಲ್ಲ.

ಐಪ್ಯಾಡಲ್ಲಿ ಮಾತ್ರ ಕಂಪ್ಯೂಟರಿನ ಸೈಟ್ ಬರ್ತದೆ ಅಂದ್ರೆ ನಿಮ್ಮದು ಬಹುಶಃ ಫೋನಿಗೆ ಬೇರೆ, ಕಂಪ್ಯೂಟರಿಗೆ ಬೇರೆ ಅಂತ ಎರಡು ಸೈಟ್ ಇರುವ ಹಳೇ ಕ್ರಮ. 2019ರ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಅಂತಲೇ ಹೇಳ್ಕೊಳ್ತದೆ, ಹಾಗಾಗಿ ಸಾಧನದ ಹೆಸರು ಕೇಳಿ ಸೈಟ್ ಬದಲಾಯಿಸುವ ಲೆಕ್ಕ ತಪ್ತದೆ. ಎರಡು ಸೈಟ್ ಇದ್ರೆ ಇನ್ನೊಂದು ನಷ್ಟವೂ ಉಂಟು, ಗೂಗಲ್ ಈಗ ಹುಡುಕಾಟಕ್ಕೆ ಲೆಕ್ಕ ಹಿಡಿಯುದು ಮೊಬೈಲಿಗೆ ತೋರಿಸುವ ಪೇಜನ್ನು. ರೂಮ್ ರೇಟ್ ಕಂಪ್ಯೂಟರ್ ಸೈಟಲ್ಲಿ ಮಾತ್ರ ಇದ್ರೆ ಅದು ಗೂಗಲಿಗೆ ಇಲ್ಲದ ಹಾಗೇ.

ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕರೀರಿ

ಮೊಬೈಲಲ್ಲಿ ತೆಗೆದಾಗ ಮಾತ್ರ ಜೂಜಿನ ಪೇಜಿಗೋ ಲಾಟರಿ ಪೇಜಿಗೋ ಹಾರ್ತದೆ, ಕಂಪ್ಯೂಟರಲ್ಲಿ ಸರಿ ಉಂಟು ಅಂದ್ರೆ ಅದು ಡಿಸೈನಿನ ತೊಂದರೆ ಅಲ್ಲ, ಯಾರೋ ಸೈಟಿನ ಒಳಗೆ ನುಗ್ಗಿದ್ದಾರೆ ಅಂತ ತಿಳ್ಕೊಳ್ಳಿ. ಸೈಟಿನ ಮಾಲಕರು ಕಂಪ್ಯೂಟರಲ್ಲಿ ನೋಡಿದಾಗ ಗೊತ್ತಾಗ್ಬಾರದು ಅಂತಲೇ ಹಾಗೆ ಮಾಡಿರ್ತಾರೆ. ಪಾಸ್‌ವರ್ಡ್ ಬದಲಾಯಿಸಿ, ಆನ್‌ಲೈನ್ ಕಾಣಿಕೆ, ಬುಕಿಂಗ್ ಎಲ್ಲ ನಿಲ್ಲಿಸಿ, ಕೂಡ್ಲೇ ಹೋಸ್ಟಿಂಗಿನವರಿಗೆ ತಿಳಿಸಿ.

ಪೇಮೆಂಟ್ ಪೇಜಲ್ಲಿ ಬಟನ್ ಕಾಣದಿದ್ರೂ ಅಲ್ಲಿ ನೀವೇ ಪ್ರಯೋಗ ಮಾಡ್ಬೇಡಿ. ವರ್ಡ್‌ಪ್ರೆಸ್ಸಿನ ಥೀಮ್ ಫೈಲ್ ಎಡಿಟರಲ್ಲಿ ಪಿಎಚ್‌ಪಿ ಮುಟ್ಬೇಡಿ, ಒಂದು ಸೆಮಿಕೋಲನ್ ತಪ್ಪಿದ್ರೆ ಸೈಟೇ ನಿಂತು ಹೋಗ್ಬಹುದು. ಸಿಎಸ್‌ಎಸ್ ಮಾತ್ರ ಆದ್ರೆ "ಅಡಿಷನಲ್ ಸಿಎಸ್‌ಎಸ್" ಅಂತ ಇರುವ ಜಾಗದಲ್ಲಿ ಹಾಕಿ, ಥೀಮ್ ಅಪ್‌ಡೇಟ್ ಆದ್ರೂ ಉಳೀತದೆ, ಬೇಡ ಅಂದ್ರೆ ಅಳಿಸಿದ್ರಾಯ್ತು. ಲೇಔಟೆಲ್ಲ ಟೇಬಲಲ್ಲೇ ಕಟ್ಟಿದ, ಎಲ್ಲ ಕಡೆ ಪಿಕ್ಸೆಲ್ ಬರೆದ ಹಳೇ ಸೈಟಾದ್ರೆ ಒಂದು ಕಡೆ ಹಿಡಿದ್ರೆ ಇನ್ನೊಂದು ಕಡೆ ಬಿಚ್ತದೆ, ಅದಕ್ಕೆ ತೇಪೆ ಹಾಕ್ತಾ ಹೋಗುದಕ್ಕಿಂತ ಹೊಸತು ಮಾಡಿಸುದೇ ಕಡಿಮೆ ಖರ್ಚು.

ಬೇರೆಯವರಿಗೆ ಕೆಲಸ ಕೊಡುವಾಗ ಮುಖ್ಯ ಪಾಸ್‌ವರ್ಡ್ ವಾಟ್ಸಾಪಲ್ಲಿ ಕಳಿಸ್ಬೇಡಿ, ಅವರಿಗೆ ಬೇರೆ ಲಾಗಿನ್ ಮಾಡಿ ಕೊಡಿ, ಕೆಲಸ ಮುಗಿದ ಮೇಲೆ ತೆಗೀರಿ. ಡೊಮೇನ್ (ಸೈಟಿನ ವಿಳಾಸ) ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ ಉಂಟಾ ಅಂತ ಇವತ್ತೇ ನೋಡ್ಕೊಳ್ಳಿ ಮಾರಾಯ್ರೆ.

ಸರಿ ಮಾಡಿದವರು ಮತ್ತೆ ಲ್ಯಾಪ್‌ಟಾಪಲ್ಲಿ ತೋರಿಸಿದ್ರೆ ಒಪ್ಬೇಡಿ. 360ರ ಒಂದು ಸಾದಾ ಆಂಡ್ರಾಯ್ಡ್, ಒಂದು ಐಫೋನ್, ಇದ್ರೆ ಒಂದು ಟ್ಯಾಬ್, ಮೂರನ್ನೂ ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿ. ಕಂಪ್ಯೂಟರಲ್ಲಿ ಕಿಟಕಿಯನ್ನು 1280 ಅಗಲ ಇಟ್ಟು 400% ಝೂಮ್ ಮಾಡಿದ್ರೆ 320ರ ಸ್ಕ್ರೀನಿಗೆ ಸಮ, ಆಗಲೂ ಓದುವ ಭಾಗ ಪಕ್ಕಕ್ಕೆ ಜಾರ್ಬಾರದು. ಮತ್ತೆ ಮನೆಯಲ್ಲಿ ಅಕ್ಷರ ದೊಡ್ಡದು ಮಾಡಿ ಇಟ್ಕೊಂಡ ಹಿರಿಯರ ಹತ್ರ ಅವರದ್ದೇ ಫೋನಲ್ಲಿ ಒಂದು ಸೇವೆಯೋ ಒಂದು ರೂಮೋ ಬುಕ್ ಮಾಡ್ಲಿಕ್ಕೆ ಹೇಳಿ, ನೀವು ಬಾಯಿ ಬಿಡದೆ ಪಕ್ಕದಲ್ಲಿ ನಿಂತು ಎಲ್ಲಿ ಬೆರಳು ನಿಲ್ತದೆ ನೋಡಿ, ಅದನ್ನೂ ಸರಿ ಮಾಡಿಸಿದ ಮೇಲೆಯೇ ಬಾಕಿ ದುಡ್ಡು ಕೊಡಿ.